ದಡಾರ ರೋಗ: ದೇಶದೇಶಗಳ ಮರಣ ಪ್ರಮಾಣ ಕಲಿಸುವ ಪಾಠ



ದಡಾರವೆಂಬ ಹೆಸರನ್ನು ಕೇಳದ ತಾಯಿತಂದೆಯರು ನಮ್ಮ ಗ್ರಾಮಗಳಲ್ಲಿ ಇರಲಾರರು. ರಾಜ್ಯದ ಉತ್ತರ ಭಾಗದಲ್ಲಿ ಇದನ್ನೇ ಗೊಬ್ಬರವೆಂದು ಕರೆಯುವುದುಂಟು. ಕೆಲವೆಡೆ ‘ಮನೆಗೆ ಅಮ್ಮ ಬಂದಿದ್ದಾಳೆ’ ಎಂದು ಹೇಳುವರು. ಮೊದಲು ಜ್ವರ, ನೆಗಡಿ, ಕೆಮ್ಮು. ಕಣ್ಣು ಕೆಂಪಾಗಿ ನೀರು ಸುರಿಯುವುದು. ಮೂರು ನಾಲ್ಕು ದಿನಗಳಲ್ಲಿ ಕಿವಿಯ ಹಿಂಭಾಗದಿಂದ ಆರಂಭವಾಗಿ ಮುಖ ಮತ್ತು ಮೈಮೇಲೆಲ್ಲಾ ಕೆಂಪು ಗಂಧೆಗಳು ಮೂಡುವುದು. ಇವು ಈ ರೋಗದ ಲಕ್ಷಣಗಳು. ‘ಮಕ್ಕಳಿಗೆ ಒಮ್ಮೆ ಬಂದು ಹೋಗತಕ್ಕ ರೋಗ, ಇದಕ್ಕೇನು ಚಿಂತೆ’ ಎಂದು ಭಾವಿಸುವವರು ಈಗಲೂ ಅನೇಕರಿದ್ದಾರೆ. ಆದರೆ ಈ ರೋಗವು ಒಂದು ದೇಶದಲ್ಲಿ ಸಾವಿರ ಮಕ್ಕಳಲ್ಲಿ ಒಂದನ್ನು ಕೊಂಡೊಯ್ದರೆ, ಮತ್ತೊಂದು ದೇಶದಲ್ಲಿ ನೂರು ಮಕ್ಕಳಲ್ಲಿ ಐದನ್ನು ಕೊಂಡೊಯ್ದಿದೆ. ಹೀಗೇಕೆ ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾನು ವೈದ್ಯಾಧಿಕಾರಿಯಾಗಿ ಸೇವೆಗೆ ಸೇರಿದ ಮೊದಲನೆಯ ವರ್ಷ, ಹದಿನಾಲ್ಕು ತಿಂಗಳ ಒಂದು ಹೆಣ್ಣು ಮಗುವನ್ನು ದಡಾರವೆಂದು ಕರೆತಂದರು. ತಾಯಿತಂದೆಯರು ಕಬ್ಬು ಕಡಿಯುವ ಕೆಲಸಕ್ಕಾಗಿ ಊರು ಬಿಟ್ಟು ಹೋಗಿದ್ದ ಕಾರಣ, ಮಗುವಿಗೆ ಒಂಬತ್ತನೆಯ ತಿಂಗಳಿನ ಚುಚ್ಚುಮದ್ದು ಬಿದ್ದಿರಲಿಲ್ಲ. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿಗೆ ಹತ್ತು ದಿನಗಳ ಹಿಂದೆಯೇ ದಡಾರ ಬಂದು ಗುಣವಾಗಿತ್ತು. ತಾಯಿ ಆತಂಕದಿಂದ ವಿಚಾರಿಸಿದಾಗ, ‘ಹೆದರಬೇಡಿರಮ್ಮ, ಸಾವಿರಕ್ಕೆ ಒಂದು ಮಗುವಿಗೆ ಮಾತ್ರ ಇದರಿಂದ ಅಪಾಯ’ ಎಂದು ಹೇಳಿ, ಔಷಧಿ ಕೊಟ್ಟು ಕಳುಹಿಸಿದೆನು. ಉಸಿರಾಟವನ್ನು ಎಣಿಸಿ ನೋಡಿರೆಂದು ಹೇಳಲಿಲ್ಲ. ಮಗುವಿಗೆ ಏನು ಉಣಿಸುತ್ತಿರುವಿರಿ ಎಂದು ಕೇಳಲಿಲ್ಲ. ಮನೆಯಲ್ಲಿ ಪಥ್ಯವೆಂದು ಹಾಲು, ಬೇಳೆ, ಸೊಪ್ಪು ಎಲ್ಲವನ್ನೂ ನಿಲ್ಲಿಸಿದ್ದರು. ಐದನೆಯ ದಿನ ಮಗುವಿಗೆ ಉಬ್ಬಸ ಆರಂಭವಾಯಿತು. ಆರನೆಯ ದಿನ ತಾಲ್ಲೂಕು ಆಸ್ಪತ್ರೆಗೆ ಸಾಗಿಸುವ ಹಾದಿಯಲ್ಲೇ ಮಗು ತೀರಿಕೊಂಡಿತು.

ನಾನು ಹೇಳಿದ ಅಂಕಿ ಸುಳ್ಳಾಗಿರಲಿಲ್ಲ. ನಾನು ಓದಿದ ಪುಸ್ತಕದಲ್ಲಿ ಹಾಗೆಯೇ ಇತ್ತು. ಆದರೆ ಅದು ಹೊಟ್ಟೆ ತುಂಬ ಉಂಡು, ಬೇರೆ ಕೋಣೆಯಲ್ಲಿ ಮಲಗಿ, ಆಸ್ಪತ್ರೆಯನ್ನು ಹತ್ತು ನಿಮಿಷಗಳಲ್ಲಿ ತಲುಪುವ ಮಕ್ಕಳ ಲೆಕ್ಕವಾಗಿತ್ತು. ಒಂದು ನಾಡಿನ ಅಂಕಿಯನ್ನು ಮತ್ತೊಂದು ನಾಡಿನ ಮಗುವಿನ ತಲೆಗೆ ಕಟ್ಟಿದ್ದೇ ನಾನು ಮಾಡಿದ ತಪ್ಪು. ಅಂದಿನಿಂದ ಈ ಲೆಕ್ಕವನ್ನು ಸರಿಯಾಗಿ ತಿಳಿಯಲು ಪ್ರಯತ್ನಿಸಿದ್ದೇನೆ. ತಿಳಿದುದನ್ನು ತಮಗೂ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

1. ಮರಣದ ಲೆಕ್ಕವನ್ನು ಮಾಡುವ ಬಗೆ

ಒಂದು ಊರಿನಲ್ಲಿ ಜಾಡ್ಯ ಬಂದು 10 ಕುರಿಗಳು ಸತ್ತವು, ಪಕ್ಕದ ಊರಿನಲ್ಲಿ 20 ಸತ್ತವು ಎಂದಿಟ್ಟುಕೊಳ್ಳಿರಿ. ಯಾವ ಊರಿನಲ್ಲಿ ಜಾಡ್ಯ ಹೆಚ್ಚು ಕ್ರೂರವಾಗಿತ್ತು? ಕೂಡಲೇ ಉತ್ತರ ಹೇಳಲಾಗದು. ಎಷ್ಟು ಕುರಿಗಳಿಗೆ ಜಾಡ್ಯ ತಗುಲಿತ್ತೆಂದು ಮೊದಲು ಕೇಳಬೇಕು. ಮೊದಲನೆಯ ಊರಿನಲ್ಲಿ 20 ಕುರಿಗಳಿಗೆ ತಗುಲಿ 10 ಸತ್ತಿದ್ದರೆ ನೂರಕ್ಕೆ 50 ಸತ್ತಂತಾಯಿತು. ಎರಡನೆಯ ಊರಿನಲ್ಲಿ 400ಕ್ಕೆ ತಗುಲಿ 20 ಸತ್ತಿದ್ದರೆ ನೂರಕ್ಕೆ 5 ಮಾತ್ರ. ಸತ್ತ ಕುರಿಗಳು ಅಲ್ಲಿ ಹೆಚ್ಚಾದರೂ ಜಾಡ್ಯದ ಕ್ರೌರ್ಯ ಕಡಿಮೆ.

ಮನುಷ್ಯರ ವಿಷಯದಲ್ಲಿಯೂ ಇದೇ ನಿಯಮ. ರೋಗ ಬಂದವರಲ್ಲಿ ಎಷ್ಟು ಮಂದಿ ಸತ್ತರು ಎಂಬುದು ಒಂದು ಲೆಕ್ಕ. ಇಡೀ ಜನಸಂಖ್ಯೆಯಲ್ಲಿ ಎಷ್ಟು ಮಂದಿ ಸತ್ತರು ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದು, ರೋಗ ತಗುಲಿದ ಮೇಲೆ ಮಗುವಿಗೆ ಎಷ್ಟು ರಕ್ಷಣೆ ದೊರೆಯಿತೆಂಬುದನ್ನು ತೋರಿಸುತ್ತದೆ. ಎರಡನೆಯದು, ರೋಗ ತಗುಲದಂತೆ ಊರು ಎಷ್ಟು ಎಚ್ಚರ ವಹಿಸಿತೆಂಬುದನ್ನೂ ಸೇರಿಸಿ ತೋರಿಸುತ್ತದೆ.

ಇನ್ನೂ ಒಂದು ತೊಡಕಿದೆ. ಎಲ್ಲ ರೋಗಿಗಳೂ ಸರ್ಕಾರದ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 1963ರಲ್ಲಿ ದಡಾರದ ಲಸಿಕೆ ಬರುವುದಕ್ಕೆ ಮುಂಚೆ ಪ್ರತಿವರ್ಷ ಸುಮಾರು 5 ಲಕ್ಷ ರೋಗಿಗಳ ವರದಿಯಾಗುತ್ತಿತ್ತು. 400ರಿಂದ 500 ಮಂದಿ ಸಾಯುತ್ತಿದ್ದರು. ಅಂದರೆ ಸಾವಿರಕ್ಕೆ ಸುಮಾರು ಒಬ್ಬರು. ಆದರೆ ವಾಸ್ತವವಾಗಿ ರೋಗ ತಗುಲುತ್ತಿದ್ದವರು 30ರಿಂದ 40 ಲಕ್ಷ ಮಂದಿಯೆಂದು ತಜ್ಞರು ಅಂದಾಜು ಮಾಡಿದ್ದಾರೆ. ಆ ಲೆಕ್ಕ ಹಿಡಿದರೆ ಸತ್ತವರು ಹತ್ತು ಸಾವಿರಕ್ಕೆ ಒಬ್ಬರು ಅಥವಾ ತುಸು ಹೆಚ್ಚು. ಸತ್ತವರು ಅವರೇ, ವರ್ಷವೂ ಅದೇ. ಭಾಗಿಸುವ ಸಂಖ್ಯೆ ಬದಲಾದೊಡನೆ ಪ್ರಮಾಣವೂ ಬದಲಾಯಿತು. ಬಡ ದೇಶಗಳಲ್ಲಿ ಇದರ ವಿರುದ್ಧವೂ ನಡೆಯುವುದುಂಟು. ಮನೆಯಲ್ಲಿಯೇ ತೀರಿಕೊಂಡ ಮಗುವಿನ ಸಾವು ಯಾವ ಪುಸ್ತಕದಲ್ಲಿಯೂ ದಾಖಲಾಗದೆ ಹೋಗುತ್ತದೆ. ಆದುದರಿಂದಲೇ ತಮ್ಮ ಮನೆಯಲ್ಲಿ ಮಗುವಿಗೆ ಜ್ವರದೊಡನೆ ಗಂಧೆ ಕಂಡರೆ ಆರೋಗ್ಯ ಕಾರ್ಯಕರ್ತೆಯರಿಗೆ ತಿಳಿಸಿರೆಂದು ಕೇಳುತ್ತೇವೆ.

2. ದ್ವೀಪಗಳು ಹೇಳುವ ಸಂಗತಿ

ಸಮುದ್ರದ ನಡುವಿನ ಸಣ್ಣ ದ್ವೀಪಗಳಲ್ಲಿ ರೋಗದ ಬರುವಿಕೆಯೂ ಹೋಗುವಿಕೆಯೂ ಸ್ಪಷ್ಟವಾಗಿ ಕಾಣುವುದರಿಂದ ಅಲ್ಲಿನ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ. ಯೂರೋಪಿನ ಉತ್ತರಕ್ಕಿರುವ ಫ್ಯಾರೋ ದ್ವೀಪಗಳಿಗೆ 1846ರಲ್ಲಿ ದಡಾರ ಬಂದಿತು. ಅಲ್ಲಿದ್ದ 7,782 ಜನರಲ್ಲಿ ಸುಮಾರು 6,000 ಮಂದಿಗೆ ರೋಗ ತಗುಲಿತು. ಪೀಟರ್ ಪಾನುಮ್ ಎಂಬ ಯುವ ಡೇನಿಷ್ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿ ಎಲ್ಲವನ್ನೂ ಬರೆದಿಟ್ಟರು. 1781ರಲ್ಲಿ ಬಂದಿದ್ದ ದಡಾರವನ್ನು ಬಾಲ್ಯದಲ್ಲಿ ಅನುಭವಿಸಿದ್ದ ವೃದ್ಧರಿಗೆ 65 ವರ್ಷಗಳ ಬಳಿಕವೂ ರೋಗ ಮರಳಿ ತಗುಲಲಿಲ್ಲವೆಂಬುದನ್ನು ಅವರೇ ಕಂಡುಕೊಂಡರು. ಆರು ಸಾವಿರ ಮಂದಿ ಹಾಸಿಗೆ ಹಿಡಿದರೂ ಅಲ್ಲಿ ಸತ್ತವರು ನೂರಕ್ಕೆ ಎರಡು ಮೂರಕ್ಕಿಂತ ಹೆಚ್ಚಾಗಲಿಲ್ಲ.

ಇದಾದ ಮೂವತ್ತು ವರ್ಷಗಳೊಳಗೆ, 1875ರಲ್ಲಿ, ಅದೇ ರೋಗ ಶಾಂತಸಾಗರದ ಫಿಜಿ ದ್ವೀಪಗಳಿಗೆ ಹಡಗಿನಲ್ಲಿ ಬಂದಿತು. ಅಲ್ಲಿ ಸತ್ತವರು ಸುಮಾರು 40,000 ಮಂದಿ. ಅದು ಅಂದಿನ ಜನಸಂಖ್ಯೆಯ ನಾಲ್ಕನೆಯ ಅಥವಾ ಐದನೆಯ ಒಂದು ಭಾಗ. ಹಿಂದೆ ಎಂದೂ ದಡಾರವನ್ನು ಕಾಣದ ಜನರಾದುದರಿಂದ ಮಕ್ಕಳು, ತಾಯಿತಂದೆಯರು, ಅಜ್ಜ ಅಜ್ಜಿಯರು ಎಲ್ಲರೂ ಏಕಕಾಲಕ್ಕೆ ಮಲಗಿದರು. ನೀರು ತರುವವರಿಲ್ಲ, ಅಡಿಗೆ ಮಾಡುವವರಿಲ್ಲ, ಹಸುಗೂಸಿಗೆ ಹಾಲೂಡಿಸುವವರಿಲ್ಲ. ಅನೇಕರು ಆರೈಕೆಯಿಲ್ಲದೆ, ಅನ್ನನೀರಿಲ್ಲದೆ ಸತ್ತರು. ರೋಗಿಗೆ ಅನ್ನನೀರು ಸಿಗುವುದೂ ಔಷಧದಷ್ಟೇ ಮುಖ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಇದೆಲ್ಲ ಹಳೆಯ ಕಾಲದ ಮಾತೆಂದು ತಾವು ಹೇಳಬಹುದು. ಆದರೆ 2019ರಲ್ಲಿ ಅದೇ ಸಾಗರದ ಸಮೋವಾ ದೇಶದಲ್ಲಿ ನಡೆದುದನ್ನು ಕೇಳಿರಿ. ಅಲ್ಲಿನ ಜನಸಂಖ್ಯೆ ಸುಮಾರು 2 ಲಕ್ಷ. 2018ರ ಜುಲೈ ತಿಂಗಳಿನಲ್ಲಿ ಲಸಿಕೆ ಹಾಕಿದ ಕೂಡಲೇ ಎರಡು ಶಿಶುಗಳು ಮರಣ ಹೊಂದಿದವು. ಲಸಿಕೆಯಲ್ಲಿ ದೋಷವಿರಲಿಲ್ಲ. ಲಸಿಕೆಯ ಪುಡಿಗೆ ಶುದ್ಧ ನೀರನ್ನು ಬೆರೆಸುವ ಬದಲು ದಾದಿಯರು ಬೇರೊಂದು ಔಷಧವನ್ನು ಬೆರೆಸಿದ್ದರೆಂದು ಮುಂದೆ ತಿಳಿದುಬಂದಿತು. ಆದರೆ ಅಷ್ಟರಲ್ಲಿ ಲಸಿಕೆಯ ಕಾರ್ಯಕ್ರಮ ನಿಂತುಹೋಗಿತ್ತು. ಜನರ ನಂಬಿಕೆ ಕುಸಿದು, ಲಸಿಕೆ ಪಡೆದ ಶಿಶುಗಳು ನೂರಕ್ಕೆ ಸುಮಾರು 31ಕ್ಕೆ ಇಳಿದಿದ್ದರು. ಮರುವರ್ಷ ದಡಾರ ಬಂದಿತು. 5,700ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ, 83 ಮಂದಿ ಸತ್ತರು. ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು.

83 ಎಂಬುದು ಸಣ್ಣ ಸಂಖ್ಯೆಯೇ? ಲೆಕ್ಕ ಮಾಡಿ ನೋಡೋಣ. ರೋಗ ಬಂದವರಲ್ಲಿ ಸಾವಿರಕ್ಕೆ 14 ಅಥವಾ 15 ಮಂದಿ ಸತ್ತರು. ಜನಸಂಖ್ಯೆಯಲ್ಲಿ ಹತ್ತು ಸಾವಿರಕ್ಕೆ ನಾಲ್ವರು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅದೇ ಪ್ರಮಾಣದಲ್ಲಿ ನಮ್ಮಲ್ಲಿ ಸಾವು ಸಂಭವಿಸಿದ್ದರೆ ಕೆಲವೇ ತಿಂಗಳುಗಳಲ್ಲಿ ಸುಮಾರು 25,000 ಮಂದಿಯನ್ನು ಕಳೆದುಕೊಳ್ಳುತ್ತಿದ್ದೆವು.

ಅದೇ ವರ್ಷ ನೆರೆಯ ಟೋಂಗಾ ದೇಶದಲ್ಲಿಯೂ ದಡಾರ ಕಾಣಿಸಿಕೊಂಡು 600ಕ್ಕೂ ಹೆಚ್ಚು ಮಂದಿಗೆ ತಗುಲಿತು. ಫಿಜಿಗೂ ಬಂದಿತು. ಈ ಎರಡೂ ದೇಶಗಳಲ್ಲಿ ಒಬ್ಬರೂ ಸಾಯಲಿಲ್ಲ. ರೋಗಾಣು ಒಂದೇ, ಸಾಗರವೊಂದೇ. ಆದರೆ ಅಲ್ಲಿ ಬಹುತೇಕ ಶಿಶುಗಳಿಗೆ ಮೊದಲೇ ಲಸಿಕೆಯಾಗಿತ್ತು. ಟೋಂಗಾದಲ್ಲಿ ರೋಗ ತಗುಲಿದವರು ಬಹುಪಾಲು ಶಾಲೆಗೆ ಹೋಗುವ ಬೆಳೆದ ಹುಡುಗರು. ಅಪಾಯ ಹೆಚ್ಚಿರುವ ಹಸುಗೂಸುಗಳು ರಕ್ಷಿತವಾಗಿದ್ದವು. 1875ರಲ್ಲಿ ಹತ್ತಾರು ಸಾವಿರ ಜನರನ್ನು ಕಳೆದುಕೊಂಡ ಫಿಜಿ 2019ರಲ್ಲಿ ಒಂದು ಜೀವವನ್ನೂ ಕಳೆದುಕೊಳ್ಳಲಿಲ್ಲವೆಂಬುದು ಗಮನಾರ್ಹ.

ಸಮೋವಾದ ಸರ್ಕಾರ 2019ರ ಡಿಸೆಂಬರ್ 5 ಮತ್ತು 6ರಂದು ಇತರ ಕೆಲಸಗಳನ್ನು ನಿಲ್ಲಿಸಿ, ಲಸಿಕೆಯಾಗದವರು ಇರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಬೇಕೆಂದು ಸಾರಿ, ಮನೆಮನೆಗೆ ಹೋಗಿ ಲಸಿಕೆ ಹಾಕಿಸಿತು. ಆ ತಿಂಗಳೊಳಗೆ ರೋಗ ಇಳಿಮುಖವಾಯಿತು. ಆದರೆ ಹೋದ ಮಕ್ಕಳು ಮರಳಿ ಬರಲಿಲ್ಲ.

3. ಇಂಗ್ಲೆಂಡಿನ ಇಪ್ಪತ್ತು ವರ್ಷಗಳು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1940ರಲ್ಲಿ 4,09,521 ದಡಾರ ರೋಗಿಗಳು ವರದಿಯಾಗಿ, 857 ಮಂದಿ ಸತ್ತರು. 1961ರಲ್ಲಿ 7,63,531 ರೋಗಿಗಳು ವರದಿಯಾಗಿ, 152 ಮಂದಿ ಸತ್ತರು. ರೋಗಿಗಳು ಹೆಚ್ಚಾದರೂ ಸಾವು ಸಾವಿರಕ್ಕೆ ಎರಡರಿಂದ ಹತ್ತು ಸಾವಿರಕ್ಕೆ ಎರಡಕ್ಕೆ ಇಳಿಯಿತು. ಆಗಿನ್ನೂ ಅಲ್ಲಿ ಲಸಿಕೆ ಇರಲಿಲ್ಲ. ಉತ್ತಮ ಆಹಾರ, ಗಾಳಿ ಬೆಳಕಿನ ಮನೆ, ಶ್ವಾಸಕೋಶದ ಸೋಂಕಿಗೆ ಹೊಸ ಔಷಧಗಳು, ಇವೇ ಸಾವನ್ನು ತಗ್ಗಿಸಿದವು. ಆದರೆ ರೋಗವನ್ನು ತಗ್ಗಿಸಲು ಅವು ಸಾಲಲಿಲ್ಲ. ರೋಗ ತಗ್ಗಿದ್ದು 1968ರಲ್ಲಿ ಲಸಿಕೆ ಆರಂಭವಾದ ತರುವಾಯವೇ. ಆಹಾರ ಮತ್ತು ಚಿಕಿತ್ಸೆ ಸಾವನ್ನು ತಡೆಯುತ್ತವೆ. ಲಸಿಕೆ ರೋಗವನ್ನೇ ತಡೆಯುತ್ತದೆ. ಒಂದಿದ್ದರೆ ಮತ್ತೊಂದು ಬೇಡವೆನ್ನುವಂತಿಲ್ಲ.

ಆಫ್ರಿಕಾ ಖಂಡದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಈ ಎರಡೂ ಇಲ್ಲದಾದಾಗ ಏನಾಯಿತೆಂಬುದನ್ನು ಜಗತ್ತು ಕಂಡಿತು. 2019ರ ಆರಂಭದಿಂದ ಒಂದು ವರ್ಷದಲ್ಲಿ ಸುಮಾರು 3 ಲಕ್ಷ 10 ಸಾವಿರ ರೋಗಿಗಳು ವರದಿಯಾಗಿ, 6,000ಕ್ಕೂ ಹೆಚ್ಚು ಮಂದಿ ಸತ್ತರು. ನೂರಕ್ಕೆ ಸುಮಾರು ಇಬ್ಬರು. ಇಡೀ ಪ್ರಪಂಚದಲ್ಲಿ 2023ರಲ್ಲಿ ದಡಾರದಿಂದ ಸತ್ತವರು ಸುಮಾರು 1,07,500 ಮಂದಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಲಸಿಕೆ ಬರುವ ಮುಂಚೆ ಪ್ರತಿವರ್ಷ ಸಾಯುತ್ತಿದ್ದವರು ಸುಮಾರು 26 ಲಕ್ಷ.

4. ವ್ಯತ್ಯಾಸಕ್ಕೆ ಕಾರಣಗಳು

ದೇಶದಿಂದ ದೇಶಕ್ಕೆ ರೋಗಾಣು ಬದಲಾಗುವುದಿಲ್ಲ. ಮಗುವಿನ ಸ್ಥಿತಿಗತಿ ಬದಲಾಗುತ್ತದೆ.

(ಅ) ವಯಸ್ಸು: ಐದು ವರ್ಷದೊಳಗಿನ, ಅದರಲ್ಲಿಯೂ ಎರಡು ವರ್ಷದೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು.

(ಆ) ಆಹಾರ ಮತ್ತು ‘ಎ’ ಜೀವಸತ್ವ: 1932ರಲ್ಲಿ ಲಂಡನ್ ನಗರದಲ್ಲಿ ದಡಾರದಿಂದ ನರಳುತ್ತಿದ್ದ 300 ಮಕ್ಕಳಿಗೆ ‘ಎ’ ಜೀವಸತ್ವವುಳ್ಳ ಮೀನೆಣ್ಣೆಯನ್ನು ಕೊಟ್ಟರು, ಇನ್ನು 300 ಮಕ್ಕಳಿಗೆ ಕೊಡಲಿಲ್ಲ. ಕೊಟ್ಟವರಲ್ಲಿ 11 ಮಕ್ಕಳೂ, ಕೊಡದವರಲ್ಲಿ 26 ಮಕ್ಕಳೂ ಸತ್ತರು. 1990ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಒಂದು ಪರೀಕ್ಷೆಯಲ್ಲಿ ‘ಎ’ ಜೀವಸತ್ವ ಪಡೆದ 92 ಮಕ್ಕಳಲ್ಲಿ ಇಬ್ಬರೂ, ಪಡೆಯದ 97 ಮಕ್ಕಳಲ್ಲಿ ಹತ್ತು ಮಂದಿಯೂ ಸತ್ತರು. ಈ ಜೀವಸತ್ವದ ಕೊರತೆಯಿರುವ ಮಗುವಿಗೆ ದಡಾರ ಬಂದರೆ ಕಣ್ಣಿನ ಪಾಪೆಯೂ ಹಾಳಾಗಿ ಕುರುಡುತನ ಬರುವ ಭಯವಿದೆ.

(ಇ) ಮನೆಯ ಇಕ್ಕಟ್ಟು: ಪಶ್ಚಿಮ ಆಫ್ರಿಕಾದ ಗಿನಿ ಬಿಸ್ಸಾವು ದೇಶದಲ್ಲಿ 1979ರ ದಡಾರವನ್ನು ಅಭ್ಯಾಸ ಮಾಡಿದ ಪೀಟರ್ ಆಬಿ ಎಂಬ ಡೇನಿಷ್ ಸಂಶೋಧಕರು ಒಂದು ವಿಶೇಷವನ್ನು ಕಂಡರು. ಹೊರಗಿನಿಂದ ರೋಗ ತಂದ ಮೊದಲನೆಯ ಮಗುವಿಗಿಂತ, ಅದೇ ಮನೆಯಲ್ಲಿ ಅದರಿಂದ ರೋಗ ಅಂಟಿಸಿಕೊಂಡ ಮಕ್ಕಳು ಹೆಚ್ಚಾಗಿ ಸತ್ತರು. ಒಂದೇ ಕೋಣೆಯಲ್ಲಿ ಹಗಲಿರುಳು ಒಟ್ಟಿಗಿದ್ದಾಗ ದೇಹಕ್ಕೆ ಸೇರುವ ರೋಗಾಣುಗಳು ಅಧಿಕ. ನಾನು ಮೊದಲು ಹೇಳಿದ ಮಗುವೂ ಮನೆಯಲ್ಲಿ ರೋಗ ಅಂಟಿದ ಮೂರನೆಯ ಮಗುವೇ ಆಗಿತ್ತು.

(ಈ) ಸಕಾಲ ಚಿಕಿತ್ಸೆ: ದಡಾರದಲ್ಲಿ ಮಗು ಸಾಯುವುದು ಬಹುತೇಕ ಗಂಧೆಯಿಂದಲ್ಲ, ಅದರ ಬೆನ್ನಿಗೆ ಬರುವ ಶ್ವಾಸಕೋಶದ ಉರಿಯೂತ ಮತ್ತು ಭೇದಿಯಿಂದ. ಈ ಎರಡಕ್ಕೂ ಚಿಕಿತ್ಸೆಯುಂಟು. ದಡಾರವು ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ, ಗಂಧೆ ಮಾಸಿದ ಮೇಲೆಯೂ ಹಲವು ವಾರಗಳ ಕಾಲ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ, ಮಗು ಎಚ್ಚರಿಕೆಯ ಆರೈಕೆಯಲ್ಲಿರಬೇಕು.

(ಉ) ಲಸಿಕೆ: ಲಸಿಕೆಯಾಗದ ನೂರು ಮಕ್ಕಳು ರೋಗಿಯ ಸಮೀಪಕ್ಕೆ ಬಂದರೆ ಸುಮಾರು 90 ಮಕ್ಕಳಿಗೆ ಇದು ಅಂಟುತ್ತದೆ. ಗಂಧೆ ಏಳುವ ನಾಲ್ಕು ದಿನ ಮೊದಲೇ ರೋಗ ಹರಡತೊಡಗುವುದರಿಂದ, ಬೇರೆ ಮಲಗಿಸುವುದೊಂದೇ ಸಾಲದು. ಊರಿನ ನೂರು ಮಕ್ಕಳಲ್ಲಿ 95ಕ್ಕಾದರೂ ಎರಡು ಸಾರಿ ಲಸಿಕೆಯಾಗಿದ್ದರೆ ಮಾತ್ರ ರೋಗ ಊರಿನಲ್ಲಿ ನೆಲೆ ನಿಲ್ಲಲಾರದು.

5. ದಂಪತಿಗಳು ಮಾಡತಕ್ಕ ಕಾರ್ಯಗಳು

ನಮ್ಮ ದೇಶದಲ್ಲಿ 1985ರಲ್ಲಿ ದಡಾರದ ಲಸಿಕೆಯನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಲಾಯಿತು. 2010ರಿಂದ ಎರಡನೆಯ ವರಸೆ ಆರಂಭವಾಯಿತು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳೆರಡಕ್ಕೂ ಒಂದೇ ಲಸಿಕೆಯ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

— ಮಗುವಿಗೆ ಒಂಬತ್ತು ತಿಂಗಳು ತುಂಬಿದ ಕೂಡಲೇ ಮೊದಲನೆಯ ಲಸಿಕೆ, 16ರಿಂದ 24 ತಿಂಗಳೊಳಗೆ ಎರಡನೆಯ ಲಸಿಕೆ ಹಾಕಿಸಿರಿ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಮೊದಲನೆಯದು ನೂರರಲ್ಲಿ ಸುಮಾರು 85 ಮಕ್ಕಳನ್ನು ರಕ್ಷಿಸುತ್ತದೆ, ಉಳಿದವರಿಗಾಗಿಯೇ ಎರಡನೆಯದು.

— ಕೂಲಿಗಾಗಿ ಬೇರೆ ಊರಿಗೆ ಹೋಗುವಾಗ ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ಯಿರಿ. ಯಾವ ಊರಿನ ಅಂಗನವಾಡಿ ಅಥವಾ ಆರೋಗ್ಯ ಕೇಂದ್ರದಲ್ಲಿಯೂ ಲಸಿಕೆ ದೊರೆಯುವುದು. ದಿನ ತಪ್ಪಿದ್ದರೂ ನಾಚಿಕೆಪಡದೆ ಬನ್ನಿರಿ.

— ಲಸಿಕೆಯಾದ ಏಳರಿಂದ ಹನ್ನೆರಡು ದಿನಗಳ ಬಳಿಕ ಕೆಲವು ಮಕ್ಕಳಿಗೆ ಸಣ್ಣ ಜ್ವರ, ಅಲ್ಪ ಗಂಧೆ ಬರಬಹುದು. ಅದು ತಾನಾಗಿಯೇ ಇಳಿಯುತ್ತದೆ. ಯಾವ ಲಸಿಕೆ, ಯಾವಾಗ ಕಲಸಿದ್ದು ಎಂದು ಕೇಳುವ ಹಕ್ಕು ತಮಗಿದೆ. ಕಲಸಿದ ಲಸಿಕೆಯನ್ನು ನಾಲ್ಕು ಗಂಟೆಗಳೊಳಗೆ ಬಳಸಬೇಕು. ಪ್ರಶ್ನೆ ಕೇಳಿ ಲಸಿಕೆ ಹಾಕಿಸಿರಿ, ಹೆದರಿ ಹಿಂದಿರುಗಬೇಡಿರಿ.

— ಒಂಬತ್ತನೆಯ ತಿಂಗಳಿನಿಂದ ಐದು ವರ್ಷ ತುಂಬುವವರೆಗೆ ಕ್ರಮವಾಗಿ ‘ಎ’ ಜೀವಸತ್ವದ ದ್ರಾವಣವನ್ನು ಕುಡಿಸಿರಿ. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಮಾವು, ಕುಂಬಳ, ಮೊಟ್ಟೆ ಇವುಗಳಲ್ಲಿಯೂ ಅದಿದೆ.

— ದಡಾರ ಬಂದ ಮಗುವಿಗೆ ಪಥ್ಯ ಮಾಡಿಸಬೇಡಿರಿ. ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದಕ್ಕೆ ನಮ್ಮ ಆಕ್ಷೇಪಣೆ ಇಲ್ಲ. ಆದರೆ ಮಗುವಿನ ಕಣ್ಣಿಗೆ ಸೊಪ್ಪಿನ ರಸ ಹಿಂಡಬಾರದು. ಎದೆಹಾಲು, ರಾಗಿ ಅಂಬಲಿ, ಬೇಳೆ ಕಟ್ಟು, ಮೆತ್ತಗಿನ ಅನ್ನ, ಮಜ್ಜಿಗೆ ಇವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಾರಿ ಕೊಡಿರಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಾಗಿ ಉಣಿಸಿರಿ.

— ರೋಗ ಕಂಡ ಕೂಡಲೇ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಎರಡು ದಿನ ಅನುಕ್ರಮವಾಗಿ ‘ಎ’ ಜೀವಸತ್ವವನ್ನು ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಕೊಡಲಾಗುವುದು.

— ಮಗು ಶಾಂತವಾಗಿರುವಾಗ ಒಂದು ನಿಮಿಷ ಉಸಿರನ್ನು ಎಣಿಸಿರಿ. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಆ ದಿನವೇ ಆಸ್ಪತ್ರೆಗೆ ಬರಬೇಕು. ಪಕ್ಕೆ ಒಳಸೇದುವುದು, ಹಾಲು ನೀರು ಕುಡಿಯದಿರುವುದು, ಫಿಟ್ಸ್, ಮಂಪರು, ಕಣ್ಣಿನ ಪಾಪೆ ಮಸುಕಾಗುವುದು, ಭೇದಿಯಿಂದ ಕಣ್ಣು ಗುಳಿ ಬೀಳುವುದು ಇವೂ ಅಪಾಯದ ಚಿಹ್ನೆಗಳು. ರಾತ್ರಿಯಾಯಿತೆಂದು ಬೆಳಗಿನವರೆಗೆ ಕಾಯಬೇಡಿರಿ. 108 ಸಂಖ್ಯೆಗೆ ಕರೆ ಮಾಡಿರಿ.

— ಒಂದು ಮಗುವಿಗೂ ಮತ್ತೊಂದಕ್ಕೂ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ಶಕ್ತಿ ಉಳಿಯುತ್ತದೆ, ಹಿರಿಯ ಮಗುವಿಗೆ ಎದೆಹಾಲು ಸಾಕಷ್ಟು ಕಾಲ ದೊರೆಯುತ್ತದೆ, ಒಂದೇ ಹಾಸಿಗೆಯಲ್ಲಿ ಇಬ್ಬರು ಹಸುಗೂಸುಗಳು ಮಲಗುವ ಸಂದರ್ಭ ತಪ್ಪುತ್ತದೆ. ಅಂತರದ ವಿಧಾನವನ್ನು ಪತಿಪತ್ನಿಯರಿಬ್ಬರೂ ಕೂಡಿ ಆಲೋಚಿಸಿ, ಸ್ವಇಚ್ಛೆಯಿಂದ ಆರಿಸಿಕೊಳ್ಳಬಹುದು. ಹುಟ್ಟಿದ ಮಕ್ಕಳು ಬದುಕುವರೆಂಬ ಭರವಸೆ ಇರುವಲ್ಲಿಯೇ ಚಿಕ್ಕ ಸಂಸಾರ ನಿಶ್ಚಿಂತೆಯಿಂದಿರಬಲ್ಲದು.

ತಮ್ಮೊಳಗೆ ಕೇಳಿಕೊಳ್ಳತಕ್ಕ ಪ್ರಶ್ನೆಗಳು

1. ನಮ್ಮ ಮಗುವಿಗೆ ಎರಡೂ ಲಸಿಕೆಗಳಾಗಿವೆಯೇ? ಕಾರ್ಡಿನಲ್ಲಿ ದಿನಾಂಕವಿದೆಯೇ?
2. ‘ಎ’ ಜೀವಸತ್ವವನ್ನು ಕಳೆದ ಬಾರಿ ಕುಡಿಸಿದ್ದು ಯಾವಾಗ?
3. ಮಗುವಿನ ಉಸಿರನ್ನು ಎಣಿಸುವ ಬಗೆ ಮನೆಯ ಹಿರಿಯರಿಗೂ ತಿಳಿದಿದೆಯೇ?
4. ನೆರೆಮನೆಯಲ್ಲಿ ಲಸಿಕೆ ತಪ್ಪಿದ ಮಗುವಿದೆಯೇ?

ದೇಶದೇಶಗಳ ಅಂಕಿಗಳನ್ನು ಓದಿ, ‘ಅವರು ಸಿರಿವಂತರು, ನಾವು ಬಡವರು’ ಎಂದು ಕೈಚೆಲ್ಲುವ ಕಾರಣವಿಲ್ಲ. ಟೋಂಗಾ ಸಿರಿವಂತ ದೇಶವಲ್ಲ. ಲಸಿಕೆ, ‘ಎ’ ಜೀವಸತ್ವ, ಒಂದು ಬಟ್ಟಲು ಅಂಬಲಿ, ಉಸಿರನ್ನು ಎಣಿಸಲು ಒಂದು ನಿಮಿಷ, ಇವು ನಮ್ಮ ಊರುಗಳಲ್ಲಿಯೂ ದೊರೆಯುತ್ತವೆ. ಈಗ ದಡಾರದ ಮಗುವನ್ನು ಕರೆತಂದ ತಾಯಿಗೆ ನಾನು ‘ಸಾವಿರಕ್ಕೆ ಒಂದು’ ಎಂಬ ಮಾತನ್ನು ಆಡುವುದಿಲ್ಲ. ಮಗುವನ್ನು ಅವಳ ಮಡಿಲಲ್ಲಿ ಮಲಗಿಸಿ, ಉಸಿರನ್ನು ಎಣಿಸುವುದನ್ನು ಅವಳಿಗೆ ಕಲಿಸಿ, ಅವಳೇ ಒಮ್ಮೆ ಎಣಿಸಿ ತೋರಿಸಿದ ಮೇಲೆ ಮನೆಗೆ ಕಳುಹಿಸುತ್ತೇನೆ.